‘ನೋಡ್’ ಎಂಬ ಹೆಸರು ಯಾರಿಗೆ? ಕವಲೊಡೆದ ರನ್‌ಟೈಮ್‌ಗೆ ಪ್ಯಾಕೇಜ್ ಕಟ್ಟುವ ಕುರಿತು

ಡೆಬಿಯನ್ ಎಂಬ ಲಿನಕ್ಸ್ ಡಿಸ್ಟ್ರೋಗೆ (ವಿತರಣೆಗೆ) ಪ್ಯಾಕೇಜ್ ಕಟ್ಟುವವರು ಬರೆಯಬೇಕಾದ ಕಂಟ್ರೋಲ್ ಫೈಲ್‌ನಲ್ಲಿ ‘ಪ್ರೊವೈಡ್ಸ್’ (ಈ ಪ್ಯಾಕೇಜ್ ಯಾವುದರ ಜಾಗ ತುಂಬಬಲ್ಲದು), ‘ಕಾನ್‌ಫ್ಲಿಕ್ಟ್ಸ್’ (ಯಾವುದರ ಜೊತೆ ಇರಲಾರದು), ‘ರಿಪ್ಲೇಸಸ್’ (ಯಾವುದರ ಫೈಲ್‌ಗಳ ಮೇಲೆ ಬರೆಯಬಲ್ಲದು) ಎಂಬ ಸಾಲುಗಳಿಗೆ ಜಾಗವಿದೆ. ಸಾಮಾನ್ಯ ಲೈಬ್ರರಿಗೋ ಎಡಿಟರ್‌ಗೋ ಪ್ಯಾಕೇಜ್ ಕಟ್ಟುವಾಗ ಇವುಗಳ ಬಗ್ಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಒಂದು ಪ್ರೋಗ್ರಾಮಿಂಗ್ ರನ್‌ಟೈಮ್ (ಒಂದು ಭಾಷೆಯ ಕೋಡ್ ಅನ್ನು ಓಡಿಸುವ ತಂತ್ರಾಂಶ) ಕವಲೊಡೆದು, ಅದರ ಫೋರ್ಕ್ ಅನ್ನೂ (ಕವಲಾಗಿ ಬೇರೆಯಾದ ಯೋಜನೆಯನ್ನೂ) ಡಿಸ್ಟ್ರೋಗೆ ಸೇರಿಸಬೇಕಾಗಿ ಬಂದಾಗ ಇಡೀ ತಕರಾರು ಬಂದು ನಿಲ್ಲುವುದು ಈ ಸಾಲುಗಳ ಮೇಲೆಯೇ. ಫೋರ್ಕ್ ಮಾಡಿದವರು ತಮ್ಮ ರನ್‌ಟೈಮ್ ಹಳೆಯದರ ಜಾಗದಲ್ಲಿ ಹಾಗೆಯೇ ಕೂರುತ್ತದೆ ಎಂದು ಹೇಳುತ್ತಾರೆ, ಮತ್ತು ಬಹುಮಟ್ಟಿಗೆ ಅದು ನಿಜವೂ ಆಗಿರುತ್ತದೆ. ಪ್ಯಾಕೇಜ್ ಕಟ್ಟುವವನು ಮಾತ್ರ ಆ ಮಾತನ್ನು ಪ್ಯಾಕೇಜ್ ಸ್ಥಾಪಿಸುವ ಆಪ್ಟ್ ಎಂಬ ಸಾಧನ ಓದಬಲ್ಲ ರೂಪದಲ್ಲಿ ಬರೆದುಕೊಡಬೇಕು; ಅಲ್ಲಿ ‘ಬಹುಮಟ್ಟಿಗೆ’ ಎಂದು ಬರೆಯಲು ಅವಕಾಶವಿಲ್ಲ.

ನಾನು ಇಲ್ಲಿ ಎತ್ತಿಕೊಂಡಿರುವ ಉದಾಹರಣೆ ಹಳೆಯದು: 2014ರ ಕೊನೆಯಲ್ಲಿ ಜಾವಾಸ್ಕ್ರಿಪ್ಟ್ ರನ್‌ಟೈಮ್ ಆದ ನೋಡ್.ಜೆಎಸ್‌ನಿಂದ ಬೇರೆಯಾಗಿ, 2015ರ ಸೆಪ್ಟೆಂಬರ್‌ನಲ್ಲಿ ಮತ್ತೆ ಅದರೊಳಗೇ ಸೇರಿಕೊಂಡ ಐಓ.ಜೆಎಸ್. ವರ್ಷ ತುಂಬುವ ಮೊದಲೇ ಮುಗಿದುಹೋದ ಯೋಜನೆಯ ಬಗ್ಗೆ ಈಗೇಕೆ ಬರೆಯಬೇಕು ಎಂದು ಕೇಳುವವರಿದ್ದಾರೆ. ಸರ್ವರ್ ನಿರ್ವಹಣೆ ನನ್ನ ಉದ್ಯೋಗ. ಕೆಲಸದ ಜಾಗದ ಆಂತರಿಕ ರೆಪಾಸಿಟರಿಗೆ ಡೆಬ್ ಪ್ಯಾಕೇಜ್‌ಗಳನ್ನು ಕಟ್ಟಿ ಹಾಕುವುದು ಅದರಲ್ಲಿ ಒಂದು ಪಾಲು. ಯಾವುದಾದರೂ ರನ್‌ಟೈಮ್‌ನ ಫೋರ್ಕ್ ಬೇಕೆಂಬ ಕೋರಿಕೆ ಬಂದಾಗಲೆಲ್ಲ ನಾನು ತಿರುಗಿ ನೋಡುವುದು ಐಓ.ಜೆಎಸ್ ಕಡೆಗೆ. ಬಹುತೇಕ ಫೋರ್ಕ್‌ಗಳ ಕಥೆಯಲ್ಲಿ ನಮಗೆ ಅರ್ಧ ಮಾತ್ರ ಕಾಣುತ್ತದೆ: ಒಂದೋ ಅವು ಸದ್ದಿಲ್ಲದೆ ನಿಂತುಹೋಗುತ್ತವೆ, ಇಲ್ಲವೇ ಮೂಲ ಯೋಜನೆಯನ್ನೇ ನುಂಗಿಬಿಡುತ್ತವೆ. ಇಲ್ಲಿ ಬೇರ್ಪಡುವಿಕೆ, ಪೈಪೋಟಿ, ವಿಲೀನ ಎಲ್ಲವೂ ದಿನಾಂಕ ಮತ್ತು ಆವೃತ್ತಿ ಸಂಖ್ಯೆಗಳ ಸಮೇತ ಕಣ್ಣೆದುರಿಗಿವೆ. ಹಾಗಾಗಿ ಪ್ಯಾಕೇಜಿಂಗ್ ದೃಷ್ಟಿಯಿಂದ ಯಾವ ತೀರ್ಮಾನ ಬಾಳಿಕೆ ಬರುತ್ತಿತ್ತು, ಯಾವುದು ಬರುತ್ತಿರಲಿಲ್ಲ ಎಂಬುದನ್ನು ಈಗ ನಿಧಾನವಾಗಿ ನೋಡಬಹುದು.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ರಯಾನ್ ಡಾಲ್ 2009ರಲ್ಲಿ ಆರಂಭಿಸಿದ ನೋಡ್.ಜೆಎಸ್‌ಗೆ ಜಾಯೆಂಟ್ ಕಂಪನಿಯ ಆಶ್ರಯವಿತ್ತು, ‘ನೋಡ್.ಜೆಎಸ್’ ಎಂಬ ಟ್ರೇಡ್‌ಮಾರ್ಕ್ ಕೂಡ ಆಗ ಆ ಕಂಪನಿಯದೇ ಆಗಿತ್ತು. 0.10 ಆವೃತ್ತಿ 2013ರ ಮಾರ್ಚ್‌ನಲ್ಲಿ ಬಂದ ಮೇಲೆ ಮುಂದಿನ ಸ್ಥಿರ ಆವೃತ್ತಿಯಾದ 0.12 ಎರಡು ವರ್ಷದಷ್ಟು ಕಾಲ ಹೊರಬರಲಿಲ್ಲ. 0.10ರೊಳಗಿದ್ದ, ಜಾವಾಸ್ಕ್ರಿಪ್ಟ್ ಓಡಿಸುವ ವಿ8 ಎಂಜಿನ್ 3.14ರಲ್ಲೇ ನಿಂತಿತ್ತು. ಯೋಜನೆಯ ತೀರ್ಮಾನಗಳಲ್ಲಿ ತಮಗೂ ಪಾಲು ಬೇಕೆಂದು ಕೇಳುತ್ತಿದ್ದ ಪ್ರಮುಖ ಕೊಡುಗೆದಾರರು ಕೊನೆಗೆ ಬೇರೆ ದಾರಿ ಹಿಡಿದರು. ಫೆಡೋರ್ ಇಂದುಟ್ನಿ ಮಾಡಿದ ಫೋರ್ಕ್ 2014ರ ಡಿಸೆಂಬರ್‌ನಲ್ಲಿ ಐಓ.ಜೆಎಸ್ ಎಂಬ ಹೆಸರಿನಲ್ಲಿ ಬೆಳಕಿಗೆ ಬಂತು, 2015ರ ಜನವರಿ ಮಧ್ಯದಲ್ಲಿ 1.0.0 ಬಿಡುಗಡೆಯಾಯಿತು. ಅದರಲ್ಲಿ ವಿ8 ಒಮ್ಮೆಗೇ 3.31ಕ್ಕೆ ಜಿಗಿದಿತ್ತು. ಮೂರು ವಾರಗಳಲ್ಲಿ, ಫೆಬ್ರವರಿ ಮೊದಲ ವಾರ, ಮೂಲ ಯೋಜನೆಯ 0.12 ಕೂಡ ಬಂತು. ಹೀಗೆ ಒಂದೇ ಕುಟುಂಬದ ಮೂರು ಜೀವಂತ ಶಾಖೆಗಳು, ಅಂದರೆ 0.10, 0.12 ಮತ್ತು ಐಓ.ಜೆಎಸ್ 1, ಏಕಕಾಲದಲ್ಲಿ ಬಳಕೆಯಲ್ಲಿದ್ದವು.

ಟ್ರೇಡ್‌ಮಾರ್ಕ್ ಬೇರೆಯವರದಾದ್ದರಿಂದ ಫೋರ್ಕ್‌ಗೆ ಬೇರೆ ಹೆಸರು ಇಡಲೇಬೇಕಿತ್ತು. ಅದರ ಬೈನರಿಯ (ಓಡಿಸುವ ಫೈಲ್‌ನ) ಹೆಸರು ‘ಐಓಜೆಎಸ್’ ಎಂದಾಯಿತು. ಆದರೆ ಆ ಹೊತ್ತಿಗೆ ಎನ್‌ಪಿಎಂ ಎಂಬ ಜಾವಾಸ್ಕ್ರಿಪ್ಟ್ ಪ್ಯಾಕೇಜ್ ಭಂಡಾರದಲ್ಲಿದ್ದ ಅಸಂಖ್ಯಾತ ಸ್ಕ್ರಿಪ್ಟ್‌ಗಳ ಮೊದಲ ಸಾಲು ‘#!/ಯುಎಸ್‌ಆರ್/ಬಿನ್/ಎನ್‌ವಿ ನೋಡ್’ ಎಂದೇ ಇತ್ತು. ‘ನೋಡ್’ ಎಂಬ ಹೆಸರಿನ ಬೈನರಿ ಇಲ್ಲದ ಯಂತ್ರದಲ್ಲಿ ಅವು ಯಾವುವೂ ಓಡುವುದಿಲ್ಲ. ಆದ್ದರಿಂದ ಐಓ.ಜೆಎಸ್‌ನ ಸೋರ್ಸ್ ತಂದು ‘ಮೇಕ್ ಇನ್‌ಸ್ಟಾಲ್’ ಕೊಟ್ಟರೆ ಬಿನ್ ಡೈರೆಕ್ಟರಿಯಲ್ಲಿ ‘ಐಓಜೆಎಸ್’ ಎಂಬ ಬೈನರಿಯೂ, ಅದಕ್ಕೆ ಕೈ ತೋರಿಸುವ ‘ನೋಡ್’ ಎಂಬ ಸಿಮ್‌ಲಿಂಕ್ ಕೂಡ ಬಂದು ಕೂರುತ್ತಿದ್ದವು. ಸಿ++ ಮಾಡ್ಯೂಲ್ ಕಂಪೈಲ್ ಮಾಡಲು ಬೇಕಾದ ಹೆಡರ್ ಫೈಲ್‌ಗಳು ಇನ್‌ಕ್ಲೂಡ್ ಅಡಿಯ ‘ನೋಡ್’ ಡೈರೆಕ್ಟರಿಗೇ ಹೋಗುತ್ತಿದ್ದವು. ತನ್ನ ಲ್ಯಾಪ್‌ಟಾಪ್‌ನಲ್ಲಿ ಒಂದೇ ರನ್‌ಟೈಮ್ ಇಟ್ಟುಕೊಳ್ಳುವವನಿಗೆ ಇದು ಸರಿಯಾದ ಏರ್ಪಾಡೇ. ಸಾವಿರಾರು ಪ್ಯಾಕೇಜ್‌ಗಳ ನಡುವೆ ಪ್ರತಿಯೊಂದು ಫೈಲ್ ಯಾರ ಸ್ವತ್ತು ಎಂದು ಡಿಪಿಕೆಜಿ ಲೆಕ್ಕ ಇಡುವ ವ್ಯವಸ್ಥೆಯಲ್ಲಿ ಇದು ನೇರವಾಗಿ ಘರ್ಷಣೆ.

ವಿಚಿತ್ರವೆಂದರೆ ‘ನೋಡ್’ ಎಂಬ ಹೆಸರಿನ ವ್ಯಾಜ್ಯ ಡೆಬಿಯನ್‌ಗೆ ಹೊಸದಾಗಿರಲಿಲ್ಲ. ಹ್ಯಾಮ್ ರೇಡಿಯೋ ಬಳಸುವವರು ಪ್ಯಾಕೆಟ್ ರೇಡಿಯೋ ಜಾಲಕ್ಕಾಗಿ ಇಟ್ಟುಕೊಂಡಿದ್ದ ‘ನೋಡ್’ ಎಂಬ ಪುಟ್ಟ ಪ್ರೋಗ್ರಾಂ ನೋಡ್.ಜೆಎಸ್ ಹುಟ್ಟುವ ಎಷ್ಟೋ ಮೊದಲೇ ಡೆಬಿಯನ್‌ನಲ್ಲಿತ್ತು. ಒಂದು ಎಸ್‌ಬಿನ್‌ನಲ್ಲಿ, ಇನ್ನೊಂದು ಬಿನ್‌ನಲ್ಲಿ. ಆದರೂ ಹೆಸರು ಒಂದೇ. ವಿಷಯ ತಾಂತ್ರಿಕ ಸಮಿತಿಯವರೆಗೆ ಹೋಯಿತು. 2012ರಲ್ಲಿ ಸಮಿತಿ ಇಬ್ಬರಿಗೂ ಆ ಹೆಸರನ್ನು ಬಿಟ್ಟುಕೊಡಲಿಲ್ಲ: ರೇಡಿಯೋ ಪ್ರೋಗ್ರಾಂ ‘ಎಎಕ್ಸ್25-ನೋಡ್’ ಆಗಬೇಕು, ಜಾವಾಸ್ಕ್ರಿಪ್ಟ್ ರನ್‌ಟೈಮ್‌ನ ಬೈನರಿ ‘ನೋಡ್‌ಜೆಎಸ್’ ಎಂದಾಗಬೇಕು, ‘ನೋಡ್’ ಎಂಬ ಸಿಮ್‌ಲಿಂಕ್ ಬೇಕಾದವರು ‘ನೋಡ್‌ಜೆಎಸ್-ಲೆಗಸಿ’ ಎಂಬ ಪ್ರತ್ಯೇಕ ಪ್ಯಾಕೇಜ್ ಹಾಕಿಕೊಳ್ಳಬೇಕು. ಉಬುಂಟು ಬಳಸಿ ಆ ವರ್ಷಗಳಲ್ಲಿ ನೋಡ್ ಕಲಿತವರೆಲ್ಲ ‘ನೋಡ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂಬ ಸಾಲನ್ನು ಒಮ್ಮೆಯಾದರೂ ಕಂಡಿರುತ್ತಾರೆ; ಅದರ ಬೇರು ಇಲ್ಲಿದೆ. 2017ರಲ್ಲಿ ಸಮಿತಿಯೇ ತನ್ನ ಹಳೆಯ ತೀರ್ಪನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ರೇಡಿಯೋ ಪ್ಯಾಕೇಜ್ ಡೆಬಿಯನ್‌ನ ಸ್ಟೇಬಲ್, ಟೆಸ್ಟಿಂಗ್, ಅನ್‌ಸ್ಟೇಬಲ್ ಎಂಬ ಮೂರು ಶಾಖೆಗಳಲ್ಲೂ ಇರಲಿಲ್ಲ. ಅಂದರೆ ಐಓ.ಜೆಎಸ್ ಹುಟ್ಟಿ ಮರೆಯಾದ ಅಷ್ಟೂ ಅವಧಿಯಲ್ಲಿ ಡೆಬಿಯನ್‌ನಲ್ಲಿ ‘ನೋಡ್’ ಎಂಬ ಹೆಸರು ಮೂಲ ರನ್‌ಟೈಮ್‌ಗೇ ಪೂರ್ತಿಯಾಗಿ ಸಿಕ್ಕಿರಲಿಲ್ಲ. ಮನೆಯೇ ಇನ್ನೂ ಅಣ್ಣನ ಹೆಸರಿಗೆ ಖಾತೆಯಾಗಿಲ್ಲದಿರುವಾಗ ತಮ್ಮ ಪಾಲು ಕೇಳಿಕೊಂಡು ಬಂದ ಹಾಗಿತ್ತು ಪರಿಸ್ಥಿತಿ.

ಡೆಬಿಯನ್ ನೀತಿ ಸಂಹಿತೆಯ 10.1ನೇ ಭಾಗ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಬೇರೆ ಬೇರೆ ಕೆಲಸ ಮಾಡುವ ಎರಡು ಪ್ರೋಗ್ರಾಂಗಳನ್ನು ಎರಡು ಪ್ಯಾಕೇಜ್‌ಗಳು ಒಂದೇ ಫೈಲ್ ಹೆಸರಿನಲ್ಲಿ ಸ್ಥಾಪಿಸಕೂಡದು. ‘ಕಾನ್‌ಫ್ಲಿಕ್ಟ್ಸ್’ ಎಂದು ಬರೆದು ಕೈತೊಳೆದುಕೊಳ್ಳುವುದಕ್ಕೂ ಅಲ್ಲಿ ಅವಕಾಶವಿಲ್ಲ. ಒಂದೇ ಕೆಲಸವನ್ನು ಎರಡು ರೀತಿಯಲ್ಲಿ ಮಾಡುವ ಪ್ರೋಗ್ರಾಂಗಳಾದರೆ ಮಾತ್ರ ಒಂದೇ ಹೆಸರಿಗೆ ಹಲವು ಪ್ರೋಗ್ರಾಂಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಆಲ್ಟರ್ನೇಟಿವ್ಸ್ ವ್ಯವಸ್ಥೆಯನ್ನೋ ‘ಕಾನ್‌ಫ್ಲಿಕ್ಟ್ಸ್’ ಸಾಲನ್ನೋ ಬಳಸಬಹುದು. ರೇಡಿಯೋ ಪ್ರೋಗ್ರಾಂ ಮತ್ತು ಜಾವಾಸ್ಕ್ರಿಪ್ಟ್ ರನ್‌ಟೈಮ್ ಮೊದಲ ವರ್ಗಕ್ಕೆ ಸೇರಿದವು ಎನ್ನುವುದರಲ್ಲಿ ಅನುಮಾನವಿಲ್ಲ. ಫೋರ್ಕ್ ಯಾವ ವರ್ಗಕ್ಕೆ ಸೇರಿದ್ದು? ಮೇಲ್ನೋಟಕ್ಕೆ ಎರಡನೆಯದು ಎನಿಸುತ್ತದೆ, ಏಕೆಂದರೆ ಎರಡೂ ಒಂದೇ ಭಾಷೆಯನ್ನು ಓಡಿಸುತ್ತವೆ, ಎರಡರಲ್ಲೂ ಅದೇ ‘ಎಫ್‌ಎಸ್’, ಅದೇ ‘ಎಚ್‌ಟಿಟಿಪಿ’ ಮಾಡ್ಯೂಲ್‌ಗಳಿವೆ. ನನ್ನ ಅಭಿಪ್ರಾಯದಲ್ಲಿ ಈ ಉತ್ತರ ಅರ್ಧ ಸತ್ಯ, ಮತ್ತು ಫೋರ್ಕ್‌ಗಳ ಪ್ಯಾಕೇಜಿಂಗ್‌ನಲ್ಲಿ ನಡೆಯುವ ಎಡವಟ್ಟುಗಳಲ್ಲಿ ಹೆಚ್ಚಿನವು ಈ ಅರ್ಧ ಸತ್ಯದಿಂದಲೇ ಹುಟ್ಟುತ್ತವೆ.

ಜಾವಾ ಜೊತೆ ಹೋಲಿಸಿದರೆ ವ್ಯತ್ಯಾಸ ತಿಳಿಯಾಗುತ್ತದೆ. ಡೆಬಿಯನ್‌ನಲ್ಲಿ ‘ಜಾವಾ’ ಎಂಬ ಕಮ್ಯಾಂಡ್ ಬಹಳ ಕಾಲದಿಂದ ಆಲ್ಟರ್ನೇಟಿವ್ಸ್ ಮೂಲಕವೇ ನಡೆಯುತ್ತಿದೆ, ಯಾವ ಜೆವಿಎಂ (ಜಾವಾ ಕೋಡ್ ಓಡಿಸುವ ಎಂಜಿನ್) ಬೇಕೋ ಅದನ್ನು ಯಂತ್ರದ ಒಡೆಯ ಆರಿಸಿಕೊಳ್ಳುತ್ತಾನೆ, ಮತ್ತು ಅದರಿಂದ ಜಗತ್ತು ಮುಳುಗುವುದಿಲ್ಲ. ಜೆವಿಎಂಗೆ ಲಿಖಿತ ನಿರ್ದಿಷ್ಟತೆ ಇದೆ, ಹೊಂದಾಣಿಕೆಯನ್ನು ಅಳೆಯಲು ಅಧಿಕೃತ ಪರೀಕ್ಷೆಗಳ ಗಂಟೇ ಇದೆ, ಜಾರ್ ಫೈಲ್‌ನಲ್ಲಿರುವ ಬೈಟ್‌ಕೋಡ್‌ಗೆ ಕೆಳಗಿರುವ ಎಂಜಿನ್ ಯಾವುದು ಎಂಬ ಹಂಗಿಲ್ಲ. ನೋಡ್‌ನಲ್ಲಿ ಇಂಥ ಯಾವ ಗಡಿಯೂ ಇರಲಿಲ್ಲ. ಜಾವಾಸ್ಕ್ರಿಪ್ಟ್ ಭಾಷೆಗೆ ಇಕ್ಮಾಸ್ಕ್ರಿಪ್ಟ್ ಎಂಬ ಮಾನಕ ಇದೆ ನಿಜ. ಆದರೆ ಸಿ++ನಲ್ಲಿ ಬರೆದ ಮಾಡ್ಯೂಲ್‌ಗಳು ಆ ಕಾಲದಲ್ಲಿ ವಿ8 ಎಂಜಿನ್‌ನ ಒಳಾಂಗಣಕ್ಕೇ ನೇರವಾಗಿ ಕೈ ಹಾಕುತ್ತಿದ್ದವು, ವಿ8 ತನ್ನ ಸಿ++ ಎಪಿಐಯನ್ನು ತನಗೆ ಬೇಕೆನಿಸಿದಾಗ ಬದಲಿಸುತ್ತಿತ್ತು.

ಈ ಜಾಗದಲ್ಲಿ ಕೊಂಚ ಹೊತ್ತು ನಿಲ್ಲಬೇಕು, ಏಕೆಂದರೆ ‘ಪ್ರೊವೈಡ್ಸ್’ ಸಾಲಿನ ಭವಿಷ್ಯ ನಿರ್ಧಾರವಾಗುವುದು ಇಲ್ಲಿಯೇ. ನೋಡ್‌ನ ಸೋರ್ಸ್‌ನಲ್ಲಿ ‘ನೋಡ್ ಮಾಡ್ಯೂಲ್ ವರ್ಷನ್’ ಎಂಬ ಒಂದು ಸಂಖ್ಯೆ ಇದೆ. ಎಬಿಐ (ಕಂಪೈಲ್ ಆದ ಕೋಡ್‌ಗಳ ನಡುವಿನ ಹೊಂದಾಣಿಕೆಯ) ಸಂಖ್ಯೆ ಎಂದು ಆಡುಮಾತಿನಲ್ಲಿ ಹೇಳುವುದು ಇದನ್ನೇ. ಸಿ++ ಮಾಡ್ಯೂಲ್ ಕಂಪೈಲ್ ಆಗುವಾಗ ಅಂದಿನ ಸಂಖ್ಯೆ ಅದರ ‘.ನೋಡ್’ ಫೈಲ್‌ನೊಳಗೆ ಸೇರಿಕೊಳ್ಳುತ್ತದೆ. ಮುಂದೆ ಯಾರಾದರೂ ಅದನ್ನು ‘ರಿಕ್ವೈರ್’ ಮಾಡಿದಾಗ ರನ್‌ಟೈಮ್ ತನ್ನ ಸಂಖ್ಯೆಯನ್ನೂ ಫೈಲ್‌ನ ಸಂಖ್ಯೆಯನ್ನೂ ಹೋಲಿಸಿ, ಅವು ಬೇರೆ ಬೇರೆಯಾಗಿದ್ದರೆ ‘ಮಾಡ್ಯೂಲ್ ವರ್ಷನ್ ಮಿಸ್‌ಮ್ಯಾಚ್’ ಎಂದು ಹೇಳಿ ಅಲ್ಲೇ ನಿಲ್ಲಿಸಿಬಿಡುತ್ತದೆ. ನೋಡ್ 0.10ರ ಸಂಖ್ಯೆ 11, 0.12ರದು 14. ಐಓ.ಜೆಎಸ್ 1.0ಕ್ಕೆ ಬಂದಾಗ ಅದು 42ಕ್ಕೆ ಹಾರಿತು. ನಡುವೆ ಬಿಟ್ಟ ಈ ಅಂತರದಿಂದಾಗಿ ಮೂಲ ಯೋಜನೆ ಮುಂದುವರಿದು 15, 16 ಎಂದು ಎಣಿಸುತ್ತ ಹೋದರೂ ಎರಡು ಕಡೆಯವರ ಸಂಖ್ಯೆಗಳು ಒಂದಕ್ಕೊಂದು ತಾಗುವ ಭಯ ಉಳಿಯಲಿಲ್ಲ. ಫೋರ್ಕ್ ಮಾಡುವವರು ಪ್ಯಾಕೇಜ್ ಕಟ್ಟುವವರಿಗೆ ಮಾಡಬಹುದಾದ ದೊಡ್ಡ ಉಪಕಾರ ಇಂಥದ್ದು: ಹೊಂದಾಣಿಕೆ ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಯಂತ್ರಕ್ಕೂ ಕಾಣುವಂತೆ ಗೆರೆ ಎಳೆಯುವುದು.

ಆ ಗೆರೆ ಎಷ್ಟು ಬೇಗ ಸರಿಯುತ್ತಿತ್ತು ಎಂಬುದೂ ಗಮನಿಸಬೇಕಾದ ಸಂಗತಿ. ಐಓ.ಜೆಎಸ್ 1.1ರಲ್ಲಿ ವಿ8 4.1 ಬಂತು, ಎಬಿಐ ಸಂಖ್ಯೆ 43 ಆಯಿತು. ಆವೃತ್ತಿಗಳಿಗೆ ಸಂಖ್ಯೆ ಕೊಡುವ ಸೆಮ್ವರ್ ನಿಯಮದ ಪ್ರಕಾರ 1.0ದಿಂದ 1.1 ಎಂದರೆ ಸಣ್ಣ ಬದಲಾವಣೆ; ಜಾವಾಸ್ಕ್ರಿಪ್ಟ್ ಬರೆಯುವವನ ಪಾಲಿಗೆ ಅದು ನಿಜವಾಗಿಯೂ ಸಣ್ಣದು. ಕಂಪೈಲ್ ಆದ ಮಾಡ್ಯೂಲ್‌ಗಳನ್ನು ಹಂಚುವ ಡಿಸ್ಟ್ರೋ ಪಾಲಿಗೆ ಮಾತ್ರ ಅವಷ್ಟನ್ನೂ ಮತ್ತೆ ಬಿಲ್ಡ್ ಮಾಡುವ ಕೆಲಸ. ಮೇ ತಿಂಗಳ 2.0ರಲ್ಲಿ 44, ಆಗಸ್ಟ್‌ನ 3.0ರಲ್ಲಿ 45. ಎಂಟು ತಿಂಗಳೊಳಗೆ ನಾಲ್ಕು ಎಬಿಐಗಳು. ಹೀಗಿರುವಾಗ ಐಓಜೆಎಸ್ ಪ್ಯಾಕೇಜ್‌ನ ಕಂಟ್ರೋಲ್ ಫೈಲ್‌ನಲ್ಲಿ ‘ಪ್ರೊವೈಡ್ಸ್: ನೋಡ್‌ಜೆಎಸ್’ ಎಂದು ಬರೆದರೆ ಆಪ್ಟ್‌ಗೆ ಸುಳ್ಳು ಹೇಳಿದಂತೆಯೇ. 0.10ಕ್ಕೆ ಕಂಪೈಲ್ ಆದ ಒಂದು ಮಾಡ್ಯೂಲ್ ಪ್ಯಾಕೇಜ್ ‘ನನಗೆ ನೋಡ್‌ಜೆಎಸ್ ಬೇಕು’ ಎಂದು ಕೇಳುತ್ತದೆ, ಆಪ್ಟ್ ‘ಇದೆಯಲ್ಲ’ ಎಂದು ಐಓಜೆಎಸ್ ಅನ್ನು ತೋರಿಸುತ್ತದೆ, ಸ್ಥಾಪನೆ ಸುಸೂತ್ರವಾಗಿ ಮುಗಿಯುತ್ತದೆ, ಪ್ರೋಗ್ರಾಂ ಶುರುವಾದ ಕ್ಷಣ ಬೀಳುತ್ತದೆ. ಇದಕ್ಕಿಂತ ಸ್ಥಾಪನೆಯೇ ಆಗದೆ ಇದ್ದಿದ್ದರೆ ವಾಸಿಯಿತ್ತು.

ಸರಿಯಾದ ದಾರಿ ಎಂದರೆ ಎಬಿಐ ಸಂಖ್ಯೆಯನ್ನೇ ಒಂದು ವರ್ಚುವಲ್ (ಹೆಸರಿಗೆ ಮಾತ್ರ ಇರುವ) ಪ್ಯಾಕೇಜ್ ಹೆಸರನ್ನಾಗಿ ಮಾಡಿ, ಐಓಜೆಎಸ್ ‘ನೋಡ್‌ಜೆಎಸ್-ಎಬಿಐ-42’ ಅನ್ನು ಕೊಡುತ್ತದೆ ಎಂದು ಬರೆಯುವುದು, ಮಾಡ್ಯೂಲ್‌ಗಳು ತಾವು ಕಂಪೈಲ್ ಆದ ಸಂಖ್ಯೆಯನ್ನೇ ಕೇಳುವಂತೆ ಮಾಡುವುದು. ಡೆಬಿಯನ್ ಮುಂದೆ ಇದೇ ಮಾದರಿಗೆ ಬಂತು. ಅಲ್ಲಿ ನೋಡ್ 10ರ ಲೈಬ್ರರಿ ಪ್ಯಾಕೇಜ್‌ನ ಹೆಸರು ಲಿಬ್‌ನೋಡ್64, 12ರದು ಲಿಬ್‌ನೋಡ್72, 18ರದು ಲಿಬ್‌ನೋಡ್108; ಕೊನೆಯಲ್ಲಿರುವ ಅಂಕೆ ಅದೇ ಎಬಿಐ ಸಂಖ್ಯೆ. ವಿ8ರ ಮೇಲೆ ಒಂದು ಸ್ಥಿರ ಪದರವಾಗಿ ಬಂದ ಎನ್-ಎಪಿಐ 2017ರಲ್ಲಿ ಕಾಣಿಸಿಕೊಂಡ ಮೇಲೆ ಅದನ್ನು ಬಳಸುವ ಮಾಡ್ಯೂಲ್‌ಗಳಿಗೆ ಈ ತಾಪತ್ರಯ ತಪ್ಪಿದೆ. 2015ರಲ್ಲಿ ಅದು ಇರಲಿಲ್ಲ.

ಹಾಗಾದರೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು, ‘ನೋಡ್’ ಎಂಬ ಹೆಸರನ್ನು ಆಲ್ಟರ್ನೇಟಿವ್ಸ್ ಕೈಗೆ ಕೊಟ್ಟರೆ ಆಯಿತಲ್ಲ ಎನ್ನಬಹುದು. ‘/ಯುಎಸ್‌ಆರ್/ಬಿನ್/ನೋಡ್’ ಎಂಬುದು ‘/ಇಟಿಸಿ/ಆಲ್ಟರ್ನೇಟಿವ್ಸ್/ನೋಡ್’ ಕಡೆಗೆ, ಅದು ನೋಡ್‌ಜೆಎಸ್ ಅಥವಾ ಐಓಜೆಎಸ್ ಕಡೆಗೆ ಕೈ ತೋರಿಸುತ್ತದೆ. ಯಂತ್ರದ ನಿರ್ವಾಹಕ ತನಗೆ ಬೇಕಾದುದನ್ನು ಆರಿಸಿಕೊಳ್ಳುತ್ತಾನೆ. ಮೊದಲ ಕರಡಿನಲ್ಲಿ ಎಲ್ಲರೂ ಇದನ್ನೇ ಬರೆಯುತ್ತಾರೆ. ತೊಡಕು ಇರುವುದು ಆಯ್ಕೆ ಬದಲಾದ ಮರುಗಳಿಗೆಯಲ್ಲಿ. ಡಿಸ್ಟ್ರೋ ಪ್ಯಾಕೇಜ್‌ಗಳಿಂದ ಬಂದ ಮಾಡ್ಯೂಲ್‌ಗಳು ‘/ಯುಎಸ್‌ಆರ್/ಲಿಬ್/ನೋಡ್‌ಜೆಎಸ್’ ಅಡಿಯಲ್ಲಿ ಒಂದೇ ಎಬಿಐಗೆ ಕಂಪೈಲ್ ಆಗಿ ಕೂತಿರುತ್ತವೆ. ನಿರ್ವಾಹಕ ತನ್ನ ಯಾವುದೋ ಹೊಸ ಪ್ರಯೋಗಕ್ಕೆಂದು ‘ನೋಡ್’ ಅನ್ನು ಐಓಜೆಎಸ್ ಕಡೆಗೆ ತಿರುಗಿಸಿದರೆ, ಅವನಿಗೆ ಅರಿವೇ ಇಲ್ಲದ ಇನ್ನಾವುದೋ ಡಿಸ್ಟ್ರೋ ಪ್ರೋಗ್ರಾಂ ಕೈಕೊಡುತ್ತದೆ.

ಆದ್ದರಿಂದ ಆಲ್ಟರ್ನೇಟಿವ್ಸ್ ಬಳಸುವುದಾದರೆ ಜೊತೆಗೆ ಇನ್ನೊಂದು ಕೆಲಸ ಕಡ್ಡಾಯ: ಡಿಸ್ಟ್ರೋ ಹಂಚುವ ಪ್ರತಿ ಸ್ಕ್ರಿಪ್ಟ್‌ನ ಮೊದಲ ಸಾಲನ್ನು ಬಿಲ್ಡ್ ಸಮಯದಲ್ಲೇ ಬದಲಿಸಿ, ‘ಎನ್‌ವಿ ನೋಡ್’ ಎಂಬುದರ ಬದಲಿಗೆ ‘/ಯುಎಸ್‌ಆರ್/ಬಿನ್/ನೋಡ್‌ಜೆಎಸ್’ ಎಂಬ ಪೂರ್ಣ ಹಾದಿಯನ್ನು ಬರೆಯುವುದು. ಆಗ ‘ನೋಡ್’ ಎಂಬ ಹೆಸರು ಬಳಕೆದಾರನ ಸ್ವಂತ ಕೋಡ್‌ಗೆ ಮಾತ್ರ ಸಂಬಂಧಿಸಿದ್ದಾಗುತ್ತದೆ, ವ್ಯವಸ್ಥೆಯ ಪ್ರೋಗ್ರಾಂಗಳು ಅದರ ಹಂಗಿನಿಂದ ಹೊರಬರುತ್ತವೆ. ಪೈಥಾನ್ ಪ್ಯಾಕೇಜ್‌ಗಳ ವಿಷಯದಲ್ಲಿ ಡೆಬಿಯನ್ ಬಹಳ ಹಿಂದಿನಿಂದ ಪಾಲಿಸುತ್ತಿರುವ ಶಿಸ್ತು ಇದೇ. 2012ರ ತೀರ್ಪನ್ನು ಬಳಕೆದಾರರು ಎಷ್ಟೇ ಶಪಿಸಿದ್ದರೂ ಅದರಿಂದ ಒಂದು ಅನುಕೂಲವಾಗಿತ್ತು: ಡೆಬಿಯನ್‌ನ ಸ್ಕ್ರಿಪ್ಟ್‌ಗಳು ಆಗಲೇ ‘ನೋಡ್‌ಜೆಎಸ್’ ಎಂಬ ಸ್ಪಷ್ಟ ಹೆಸರನ್ನು ಬಳಸುತ್ತಿದ್ದವು. ಫೋರ್ಕ್ ಪಕ್ಕದಲ್ಲಿ ಬಂದು ಕೂತರೂ ಅವಕ್ಕೆ ಏನೂ ಆಗುತ್ತಿರಲಿಲ್ಲ.

ಅದೇ ಹೆಸರಿನ ಭಂಡಾರದಿಂದ ಪ್ಯಾಕೇಜ್ ತರುವ ಎನ್‌ಪಿಎಂ ಸಾಧನವನ್ನೂ ಅದರೊಳಗಿನ ನೋಡ್-ಜಿಪ್ ಅನ್ನೂ ಮರೆಯುವಂತಿಲ್ಲ. ಸಿ++ ಮಾಡ್ಯೂಲ್ ಕಂಪೈಲ್ ಮಾಡಲು ನೋಡ್-ಜಿಪ್‌ಗೆ ರನ್‌ಟೈಮ್‌ನ ಹೆಡರ್‌ಗಳು ಬೇಕು. ರನ್‌ಟೈಮ್‌ನ ಆವೃತ್ತಿ ಸಂಖ್ಯೆ ನೋಡಿಕೊಂಡು ಅದು ನೋಡ್.ಜೆಎಸ್ ತಾಣದಿಂದ ಅವನ್ನು ಇಳಿಸಿಕೊಳ್ಳುತ್ತಿತ್ತು. ಐಓ.ಜೆಎಸ್ ತನ್ನ ಆವೃತ್ತಿಯನ್ನು 1.0.0 ಎಂದು ಹೇಳಿದಾಗ ಆ ತಾಣದಲ್ಲಿ ಅಂಥ ಆವೃತ್ತಿಯೇ ಇರಲಿಲ್ಲ. ಐಓ.ಜೆಎಸ್‌ನವರು ಇದಕ್ಕೆ ತಮ್ಮ ಜೊತೆ ಹಂಚುತ್ತಿದ್ದ ಎನ್‌ಪಿಎಂ ಒಳಗಿನ ನೋಡ್-ಜಿಪ್‌ಗೆ ತಾವೇ ಒಂದು ಪ್ಯಾಚ್ ಹಚ್ಚಿ, ತಮ್ಮ ತಾಣದಿಂದ ಹೆಡರ್ ಬರುವಂತೆ ಮಾಡಿದ್ದರು. ಸಿಕ್ಕು ಇರುವುದು ಇಲ್ಲಿ: ಡಿಸ್ಟ್ರೋಗಳು ಎನ್‌ಪಿಎಂ ಅನ್ನು ಪ್ರತ್ಯೇಕ ಪ್ಯಾಕೇಜ್ ಆಗಿ ಇಟ್ಟುಕೊಂಡು ರನ್‌ಟೈಮ್ ಅನ್ನು ‘ವಿದೌಟ್-ಎನ್‌ಪಿಎಂ’ ಆಯ್ಕೆಯೊಂದಿಗೆ ಬಿಲ್ಡ್ ಮಾಡುತ್ತವೆ. ಒಂದೇ ಸೋರ್ಸ್‌ನ ಎರಡು ಪ್ರತಿ ಇರಬಾರದು ಎಂಬ ಸರಿಯಾದ ನಿಯಮವನ್ನು ಪಾಲಿಸಿದ ಕೂಡಲೇ ಆ ಪ್ಯಾಚ್ ಹೊರಗುಳಿಯುತ್ತದೆ, ಫೋರ್ಕ್ ತಾನು ಮಾತು ಕೊಟ್ಟ ಹೊಂದಾಣಿಕೆಯನ್ನು ಕಳೆದುಕೊಳ್ಳುತ್ತದೆ. ಡಿಸ್ಟ್ರೋಗಳ ಬಿಲ್ಡ್ ಯಂತ್ರಗಳಿಗೆ ಹೇಗೂ ಇಂಟರ್ನೆಟ್ ಇರುವುದಿಲ್ಲವಾದ್ದರಿಂದ ಡೆಬಿಯನ್ ತನ್ನ ನೋಡ್-ಜಿಪ್ ಅನ್ನು ಯಂತ್ರದಲ್ಲಿಯೇ ಇರುವ ಹೆಡರ್‌ಗಳನ್ನು ನೋಡುವಂತೆ ತಿದ್ದಿಕೊಂಡಿದೆ. ಆದರೆ ಎರಡು ರನ್‌ಟೈಮ್‌ಗಳಿರುವ ಯಂತ್ರದಲ್ಲಿ ಯಾವ ಹೆಡರ್? ಇಬ್ಬರ ಹೆಡರ್‌ಗಳೂ ಒಂದೇ ಹೆಸರಿನ ಡೈರೆಕ್ಟರಿ ಕೇಳುತ್ತವೆ. ಫೋರ್ಕ್‌ನದನ್ನು ಬೇರೆ ಡೈರೆಕ್ಟರಿಗೆ ಸಾಗಿಸಿ, ಓಡುತ್ತಿರುವ ರನ್‌ಟೈಮ್ ಯಾವುದೆಂದು ತಿಳಿದುಕೊಂಡು ಸರಿಯಾದ ಕಡೆ ಕಳಿಸುವ ಪ್ಯಾಚ್ ಅನ್ನು ಡಿಸ್ಟ್ರೋ ತಾನೇ ಬರೆದುಕೊಳ್ಳಬೇಕು. ‘ನಾನು ಐಓ.ಜೆಎಸ್’ ಎಂದು ರನ್‌ಟೈಮ್ ತಾನೇ ಹೇಳಿಕೊಳ್ಳುವ ‘ಪ್ರೋಸೆಸ್.ರಿಲೀಸ್’ ಬಂದದ್ದು 3.0ರಲ್ಲಿ, ಅಲ್ಲಿಯವರೆಗೆ ಬೈನರಿಯ ಹೆಸರನ್ನೋ ಆವೃತ್ತಿ ಸಂಖ್ಯೆಯನ್ನೋ ನೋಡಿ ಊಹಿಸುವುದೇ ಗತಿ.

ಸೋರ್ಸ್‌ನ ‘ಡೆಪ್ಸ್’ ಡೈರೆಕ್ಟರಿಯಲ್ಲಿ ವಿ8, ಲಿಬ್‌ಯುವಿ, ಓಪನ್‌ಎಸ್‌ಎಸ್‌ಎಲ್, ಝಡ್‌ಲಿಬ್, ಸಿ-ಏರ್ಸ್, ಎಚ್‌ಟಿಟಿಪಿ-ಪಾರ್ಸರ್ ಎಂಬ ಲೈಬ್ರರಿಗಳೆಲ್ಲದರ ಪ್ರತಿಗಳಿರುತ್ತಿದ್ದವು. ಓಪನ್‌ಎಸ್‌ಎಸ್‌ಎಲ್‌ನಲ್ಲಿ ದೋಷ ಕಂಡುಬಂದಾಗ ಒಂದೇ ಕಡೆ ಸರಿಪಡಿಸಲು ಸಾಧ್ಯವಾಗಬೇಕಾದರೆ ‘ಶೇರ್ಡ್-ಓಪನ್‌ಎಸ್‌ಎಸ್‌ಎಲ್’, ‘ಶೇರ್ಡ್-ಲಿಬ್‌ಯುವಿ’ ಮುಂತಾದ ಆಯ್ಕೆಗಳನ್ನು ಕೊಟ್ಟು ವ್ಯವಸ್ಥೆಯ ಲೈಬ್ರರಿಗಳನ್ನೇ ಬಳಸಬೇಕು. ಫೋರ್ಕ್ ಹಾಗೂ ಮೂಲ ಎರಡೂ ಒಂದೇ ಡಿಸ್ಟ್ರೋದಲ್ಲಿದ್ದರೆ ಇದು ಇನ್ನಷ್ಟು ಮುಖ್ಯ, ಇಲ್ಲವಾದರೆ ಪ್ರತಿ ಭದ್ರತಾ ಪ್ಯಾಚ್ ಅನ್ನು ಎರಡೆರಡು ಬಾರಿ ಹಚ್ಚಬೇಕಾಗುತ್ತದೆ. ವಿ8 ಮಾತ್ರ ಈ ಏರ್ಪಾಡಿಗೆ ಒಗ್ಗುವುದಿಲ್ಲ, 3.14, 3.28, 3.31 ಮೂರನ್ನೂ ಮೂರು ಲೈಬ್ರರಿ ಪ್ಯಾಕೇಜ್‌ಗಳಾಗಿ ಹೊತ್ತು ತಿರುಗಲು ಯಾವ ತಂಡವೂ ಒಪ್ಪಲಿಕ್ಕಿಲ್ಲ. ಅದನ್ನು ಒಳಗಿನ ಪ್ರತಿಯಾಗಿಯೇ ಬಿಡುವುದು ವಿವೇಕ ಎಂದು ನಾನು ಭಾವಿಸುತ್ತೇನೆ, ನೀತಿ ಸಂಹಿತೆಯ ಕಟ್ಟಾ ಅನುಯಾಯಿಗಳು ಇದಕ್ಕೆ ಮುಖ ಸಿಂಡರಿಸುವುದು ಗೊತ್ತಿದ್ದರೂ.

ಕನ್ನಡ ಬಳಸುವವರಿಗೆ ನೇರವಾಗಿ ತಾಗುವ ಆಯ್ಕೆಯೂ ಇದೇ ಸಾಲಿನಲ್ಲಿದೆ. ದಿನಾಂಕ, ಸಂಖ್ಯೆಗಳನ್ನು ಆಯಾ ಭಾಷೆಯಲ್ಲಿ ತೋರಿಸುವ ‘ಇಂಟಲ್’ ಸೌಲಭ್ಯಕ್ಕೆ ಬೇಕಾದ ಐಸಿಯು ಲೈಬ್ರರಿಯನ್ನು ‘ಸ್ಮಾಲ್-ಐಸಿಯು’ ಎಂದು ಬಿಲ್ಡ್ ಮಾಡಿದರೆ ಇಂಗ್ಲಿಷ್ ದತ್ತಾಂಶ ಮಾತ್ರ ಒಳಗಿರುತ್ತದೆ. ‘ಕೆಎನ್-ಐಎನ್’ ಎಂದು ಲೊಕೇಲ್ ಕೊಟ್ಟು ತಿಂಗಳ ಹೆಸರು ಕೇಳಿದರೂ ಜನವರಿಯ ಇಂಗ್ಲಿಷ್ ರೂಪವೇ ಬರುತ್ತದೆ, ಯಾವ ದೋಷ ಸಂದೇಶವೂ ಬರುವುದಿಲ್ಲ. ‘ಸಿಸ್ಟಂ-ಐಸಿಯು’ ಎಂದು ಕೊಟ್ಟು ಡಿಸ್ಟ್ರೋದ ಐಸಿಯು ಜೊತೆ ಬೆಸೆದರೆ ಅದೇ ಕೋಡ್ ‘ಜನವರಿ’ ಎಂದು ಕನ್ನಡದಲ್ಲಿ ಕೊಡುತ್ತದೆ. ನೋಡ್‌ನ ಅಧಿಕೃತ ಬೈನರಿಗಳು 2019ರಲ್ಲಿ, 13ನೇ ಆವೃತ್ತಿಯಿಂದ, ಪೂರ್ಣ ಐಸಿಯುವನ್ನು ತಾವೇ ಒಳಗೊಳ್ಳತೊಡಗಿದವು. ಅದಕ್ಕೂ ಮುಂಚೆ ಡಿಸ್ಟ್ರೋ ಪ್ಯಾಕೇಜ್ ಅಧಿಕೃತ ಬೈನರಿಗಿಂತ ಮೇಲಾಗಿರಬಹುದಾಗಿದ್ದ ಕೆಲವೇ ವಿಷಯಗಳಲ್ಲಿ ಇದು ಒಂದು. ಫೋರ್ಕ್‌ಗೆ ಪ್ಯಾಕೇಜ್ ಕಟ್ಟುವವರು ಮೂಲ ಪ್ಯಾಕೇಜ್‌ನಲ್ಲಿದ್ದ ಬಿಲ್ಡ್ ಆಯ್ಕೆಗಳನ್ನು ಒಂದೊಂದಾಗಿ ತಾಳೆ ನೋಡಬೇಕಾದ್ದು ಇದಕ್ಕೇ. ಸೋರ್ಸ್ ಹೊಂದಿಕೆಯಾದರೂ ಆಯ್ಕೆ ಬೇರೆಯಾದರೆ ವರ್ತನೆ ಬೇರೆಯಾಗುತ್ತದೆ.

ಕಾಲದ ಲೆಕ್ಕವೂ ಇತ್ತು. ಡೆಬಿಯನ್‌ನ ಜೆಸ್ಸಿ ಎಂಬ ಆವೃತ್ತಿ 2014ರ ನವೆಂಬರ್ 5ರಂದು ಫ್ರೀಜ್ ಆಗಿತ್ತು (ಹೊಸ ಪ್ಯಾಕೇಜ್‌ಗಳಿಗೆ ಬಾಗಿಲು ಮುಚ್ಚಿತ್ತು), ಬಿಡುಗಡೆಯಾದದ್ದು 2015ರ ಏಪ್ರಿಲ್ ಕೊನೆಯಲ್ಲಿ, ನೋಡ್ 0.10.29ರೊಂದಿಗೆ. ಐಓ.ಜೆಎಸ್ ಹುಟ್ಟಿದ್ದೇ ಫ್ರೀಜ್ ನಡುವೆ. ಒಂದು ವೇಳೆ ಸಮಯಕ್ಕೆ ಸಿಕ್ಕಿದ್ದರೂ ವರ್ಷಗಟ್ಟಲೆ ಬೆಂಬಲ ಕೊಡಬೇಕಾದ ಸ್ಟೇಬಲ್ ಬಿಡುಗಡೆಗೆ ಅದನ್ನು ಸೇರಿಸುವುದು ಸರಿಯಾಗುತ್ತಿರಲಿಲ್ಲ, ಏಕೆಂದರೆ ದೀರ್ಘ ಬೆಂಬಲದ ಆವೃತ್ತಿ ಎಂಬ ಏರ್ಪಾಡು ಐಓ.ಜೆಎಸ್‌ಗೆ ಇರಲೇ ಇಲ್ಲ. ನೋಡ್‌ಗೆ ಅದು ಬಂದದ್ದು ವಿಲೀನದ ನಂತರ, ನೋಡ್ 4ರೊಂದಿಗೆ. ಹೊಸದು ಬೇಕಾದವರಿಗೆ ನೋಡ್‌ಸೋರ್ಸ್ ಎಂಬ ಕಂಪನಿಯ ರೆಪಾಸಿಟರಿಯಲ್ಲಿ ಐಓ.ಜೆಎಸ್‌ನ ಡೆಬ್‌ಗಳು ಸಿಗುತ್ತಿದ್ದವು. ಸದಾ ಹೊಸತನ್ನೇ ತರುವ ರೋಲಿಂಗ್ ಡಿಸ್ಟ್ರೋಗಳ ಲೆಕ್ಕ ಬೇರೆ; ಅಲ್ಲಿ ಎಲ್ಲವೂ ಒಟ್ಟಿಗೆ ಮರುಬಿಲ್ಡ್ ಆಗುವುದರಿಂದ ಫೋರ್ಕ್ ಅನ್ನು ಮೂಲದ ಜಾಗದಲ್ಲಿ ಕೂರಿಸಿ, ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದು ಹೇಳುವುದು ನಡೆಯುತ್ತದೆ. ನಿಕ್ಸ್ ಎಂಬ ಪ್ಯಾಕೇಜ್ ವ್ಯವಸ್ಥೆಯಲ್ಲಿ ಪ್ರತಿ ಪ್ಯಾಕೇಜ್‌ಗೂ ತನ್ನದೇ ಡೈರೆಕ್ಟರಿ ಇರುವುದರಿಂದ ಫೈಲ್ ಹೆಸರಿನ ಜಗಳ ಹುಟ್ಟುವುದೇ ಇಲ್ಲ. ಆದರೆ ಸ್ಕ್ರಿಪ್ಟ್‌ನ ಮೊದಲ ಸಾಲು ಯಾರನ್ನು ಕರೆಯಬೇಕು ಎಂಬುದನ್ನು ಬಿಲ್ಡ್ ವೇಳೆ ತೀರ್ಮಾನಿಸುವುದು ಅಲ್ಲಿಯೂ ತಪ್ಪಿಲ್ಲ.

ಫೋರ್ಕ್‌ಗೆ ಮೂಲದ ಹೆಸರನ್ನೇ ತೊಡಿಸಿದರೆ ಏನಾಗುತ್ತದೆ ಎಂಬುದಕ್ಕೆ ರನ್‌ಟೈಮ್ ಅಲ್ಲದ ಒಂದು ದೃಷ್ಟಾಂತವಿದೆ. 2011ರಲ್ಲಿ ವೀಡಿಯೋ, ಆಡಿಯೋ ಫೈಲ್‌ಗಳನ್ನು ಪರಿವರ್ತಿಸುವ ಎಫ್‌ಎಫ್‌ಎಂಪೆಗ್‌ನಿಂದ ಲಿಬ್‌ಎವಿ ಬೇರೆಯಾದಾಗ ಡೆಬಿಯನ್ ಲಿಬ್‌ಎವಿ ಕಡೆಗೆ ವಾಲಿತು. ಡೆಬಿಯನ್‌ನ ವೀಝಿ ಆವೃತ್ತಿಯಲ್ಲಿ ‘ಎಫ್‌ಎಫ್‌ಎಂಪೆಗ್’ ಎಂಬ ಕಮ್ಯಾಂಡ್ ಕೊಟ್ಟರೆ ಓಡುತ್ತಿದ್ದದ್ದು ಲಿಬ್‌ಎವಿಯ ಬೈನರಿ. ಈ ಪ್ರೋಗ್ರಾಂ ಬಳಕೆ ನಿಲ್ಲಿಸಲಾಗಿದೆ, ‘ಎವಿಕಾನ್ವ್’ ಬಳಸಿ ಎಂದು ಅದು ದೊಡ್ಡಕ್ಷರಗಳಲ್ಲಿ ಹೇಳುತ್ತಿತ್ತು. ಎಫ್‌ಎಫ್‌ಎಂಪೆಗ್ ಯೋಜನೆ ಆಗಲೂ ಜೀವಂತವಾಗಿತ್ತು, ಆದರೆ ಆ ಸಂದೇಶ ಓದಿದ ಎಷ್ಟೋ ಜನ ಅದು ಮುಗಿದೇ ಹೋಯಿತೆಂದು ನಂಬಿದರು. 2015ರಲ್ಲಿ ಡೆಬಿಯನ್ ಮರಳಿ ಎಫ್‌ಎಫ್‌ಎಂಪೆಗ್‌ಗೆ ಬಂತು. ಲಿಬ್‌ಎವಿಯ ಆವೃತ್ತಿಗೆ ಎಪಾಕ್ (ಆವೃತ್ತಿ ಸಂಖ್ಯೆಯ ಮುಂದೆ ಸೇರಿಸುವ, ಹೋಲಿಕೆಯಲ್ಲಿ ಮೊದಲು ನೋಡುವ ಅಂಕೆ) 6 ಇತ್ತು. ಅದನ್ನು ದಾಟಲು ಎಫ್‌ಎಫ್‌ಎಂಪೆಗ್‌ಗೆ 7 ಕೊಡಬೇಕಾಯಿತು, ಇಂದಿಗೂ ಅದರ ಡೆಬಿಯನ್ ಆವೃತ್ತಿ ‘7:’ ಎಂದೇ ಶುರುವಾಗುತ್ತದೆ. ಎಪಾಕ್ ಅನ್ನು ಏರಿಸಬಹುದೇ ಹೊರತು ಇಳಿಸಲಾಗದು.

ಐಓ.ಜೆಎಸ್ ವಿಲೀನದಲ್ಲಿ ಈ ಗಾಯ ಆಗಲಿಲ್ಲ. 2015ರ ಸೆಪ್ಟೆಂಬರ್ 8ರಂದು ಬಂದ ಒಗ್ಗೂಡಿದ ರನ್‌ಟೈಮ್ ‘ನೋಡ್’ ಹೆಸರನ್ನೂ 4.0.0 ಎಂಬ ಸಂಖ್ಯೆಯನ್ನೂ ಇಟ್ಟುಕೊಂಡಿತು. 1, 2, 3 ಐಓ.ಜೆಎಸ್‌ನಲ್ಲಿ ಬಳಕೆಯಾಗಿದ್ದರಿಂದ ನೋಡ್‌ನಲ್ಲಿ ಅವು ಇಲ್ಲವೇ ಇಲ್ಲ. 0.12ರಿಂದ ಬಂದವರಿಗೂ ಐಓ.ಜೆಎಸ್ 3ರಿಂದ ಬಂದವರಿಗೂ 4 ದೊಡ್ಡದೇ; ಎಬಿಐ ಕೂಡ 45ರ ಮುಂದಿನ 46. ಆವೃತ್ತಿಗಳನ್ನು ಹೋಲಿಸುವ ಡಿಪಿಕೆಜಿಗೆ ಯಾವ ಕಸರತ್ತೂ ಬೇಕಾಗಲಿಲ್ಲ.

ಇಂಥ ಹೊತ್ತಿನಲ್ಲಿ ಫೋರ್ಕ್‌ನ ಪ್ಯಾಕೇಜ್ ಹಾಕಿಕೊಂಡಿದ್ದವರನ್ನು ಹಿಂದಕ್ಕೆ ಕರೆತರಲು ‘ಐಓಜೆಎಸ್’ ಹೆಸರಿನಲ್ಲೇ ಒಂದು ಖಾಲಿ ಪ್ಯಾಕೇಜ್ ಬಿಟ್ಟು, ಅದು ‘ನೋಡ್‌ಜೆಎಸ್’ 4 ಅಥವಾ ಮೇಲಿನದನ್ನು ಕೇಳುವಂತೆ ಮಾಡಬೇಕು. ಪ್ಯಾಕೇಜ್ ಸ್ಕ್ರಿಪ್ಟ್‌ಗಳಲ್ಲಿ ಒಂದು ಮೂಲೆ ಇಲ್ಲಿ ಸುಲಭವಾಗಿ ಕಣ್ತಪ್ಪುತ್ತದೆ. ಆಲ್ಟರ್ನೇಟಿವ್ಸ್‌ನಿಂದ ಹೆಸರು ತೆಗೆಯುವ ಸಾಲು, ಹಳೆಯ ಪ್ಯಾಕೇಜ್ ತೆಗೆಯುವ ಮುನ್ನ ಓಡುವ ಪ್ರಿಆರ್‌ಎಂ ಸ್ಕ್ರಿಪ್ಟ್‌ನಲ್ಲಿ ಇರುತ್ತದೆ, ಮತ್ತು ಅದು ‘ರಿಮೂವ್’ ಎಂದು ಕರೆದಾಗ ಮಾತ್ರ ನಡೆಯುವಂತೆ ಬರೆದಿರುತ್ತೇವೆ. ‘ಅಪ್‌ಗ್ರೇಡ್’ ಆದಾಗಲೂ ನಡೆದರೆ ನಿರ್ವಾಹಕ ಕೈಯಾರೆ ಮಾಡಿಟ್ಟ ಆಯ್ಕೆ ಪ್ರತಿ ಅಪ್‌ಡೇಟ್‌ಗೂ ಅಳಿಸಿಹೋಗುತ್ತದೆ. ಆದರೆ ಖಾಲಿ ಪ್ಯಾಕೇಜ್‌ಗೆ ಹೋಗುವುದು ಡಿಪಿಕೆಜಿ ಕಣ್ಣಿನಲ್ಲಿ ಅಪ್‌ಗ್ರೇಡ್ ಮಾತ್ರ. ಬೈನರಿ ಮಾಯವಾಗುತ್ತದೆ, ಆಲ್ಟರ್ನೇಟಿವ್ಸ್ ಪಟ್ಟಿಯಲ್ಲಿ ಅದರ ಹೆಸರು ಉಳಿಯುತ್ತದೆ, ‘ನೋಡ್’ ಎಂಬ ಸಿಮ್‌ಲಿಂಕ್ ಇಲ್ಲದ ಫೈಲ್‌ನತ್ತ ಕೈ ತೋರಿಸುತ್ತಾ ನಿಲ್ಲುತ್ತದೆ. ಹಾಗಾಗಿ ಖಾಲಿ ಪ್ಯಾಕೇಜ್ ಎಂದ ಮಾತ್ರಕ್ಕೆ ಅದನ್ನು ಪೂರ್ತಿ ಖಾಲಿ ಬಿಡುವಂತಿಲ್ಲ: ಹಳೆಯ ಐಓಜೆಎಸ್ ಬೈನರಿಯನ್ನು ಆಲ್ಟರ್ನೇಟಿವ್ಸ್‌ನಿಂದ ತೆಗೆಯುವ ಒಂದು ಸಾಲನ್ನು ಸ್ಥಾಪನೆಗೆ ಮುನ್ನ ಓಡುವ ಅದರ ಪ್ರಿಇನ್‌ಸ್ಟ್ ಸ್ಕ್ರಿಪ್ಟ್‌ನಲ್ಲಿ, ಯಾವ ಆವೃತ್ತಿಯಿಂದ ಅಪ್‌ಗ್ರೇಡ್ ಆಗುತ್ತಿದೆ ಎಂದು ಪರೀಕ್ಷಿಸಿಕೊಂಡು, ಬರೆದೇ ಬಿಡುಗಡೆ ಮಾಡಬೇಕು.